ಪ್ರೊ. ಮಹಾದೇವ ಲಾಲ್ ಶ್ರಾಫ್: ಭಾರತದ ಫಾರ್ಮಸಿ ಶಿಕ್ಷಣದ ಪಿತಾಮಹ

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳಿಂದ ಫಾರ್ಮಸಿಸ್ಟ್ ನೋಂದಣಿಗಾಗಿ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳು ಹಾಗೂ ಸಾರ್ವಜನಿಕರ ಮಾಹಿತಿಗಾಗಿ ಈ ಪರಿಚಯವನ್ನು ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಮಹಾದೇವ ಲಾಲ್ ಶ್ರಾಫ್ ಅವರು 1902ರ ಮಾರ್ಚ್ 6ರಂದು ಬಿಹಾರದ ದರ್ಭಂಗಾದಲ್ಲಿ ಜನಿಸಿದರು. ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿ, ಕಾರ್ನೆಲ್ ವಿಶ್ವವಿದ್ಯಾಲಯ ಹಾಗೂ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಪದವಿಗಳನ್ನು ಪಡೆದು ಸ್ವದೇಶಕ್ಕೆ ಮರಳಿದರು.

ಅಂದಿನ ಪರಿಸ್ಥಿತಿ

ಆ ಕಾಲದಲ್ಲಿ ದೇಶದಲ್ಲಿ ಔಷಧ ವಿತರಣೆಗೆ ಏಕರೂಪದ ಶಿಕ್ಷಣವಾಗಲಿ, ಕಾನೂನಾಗಲಿ ಇರಲಿಲ್ಲ. ವೈದ್ಯರ ಬಳಿ ಕೆಲಸ ಕಲಿತ ಕಾಂಪೌಂಡರುಗಳೇ ಬಹುತೇಕ ಕಡೆ ಔಷಧ ಬೆರೆಸಿ ಕೊಡುತ್ತಿದ್ದರು. ಕಲಬೆರಕೆ ಹಾಗೂ ಕಳಪೆ ಔಷಧಗಳ ಹಾವಳಿಯ ಬಗ್ಗೆ ದೂರುಗಳು ಹೆಚ್ಚಿದಾಗ, ಸರ್ಕಾರವು 1930ರಲ್ಲಿ ಕರ್ನಲ್ ರಾಮ್‌ನಾಥ್ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿಯನ್ನು ರಚಿಸಿತು. ಔಷಧಗಳ ಗುಣಮಟ್ಟದ ನಿಯಂತ್ರಣಕ್ಕೂ ಫಾರ್ಮಸಿ ವೃತ್ತಿಯ ನಿಯಂತ್ರಣಕ್ಕೂ ಕಾನೂನು ಅಗತ್ಯವೆಂದು ಸಮಿತಿಯು ಶಿಫಾರಸು ಮಾಡಿತು.

ಶಿಕ್ಷಣ ಮತ್ತು ವೃತ್ತಿ ಸಂಘಟನೆ

ಪಂಡಿತ ಮದನ ಮೋಹನ ಮಾಳವೀಯರ ಪ್ರೋತ್ಸಾಹದಿಂದ ಶ್ರಾಫ್ ಅವರು 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧ ರಸಾಯನಶಾಸ್ತ್ರದ ಬೋಧನೆಯನ್ನು ಆರಂಭಿಸಿದರು. 1937ರಲ್ಲಿ ಅಲ್ಲಿಯೇ ಮೂರು ವರ್ಷಗಳ ಬಿ.ಫಾರ್ಮ್ ಪದವಿ ಶಿಕ್ಷಣ ಪ್ರಾರಂಭವಾಯಿತು.

ಪದವಿಯೊಂದರಿಂದಲೇ ವೃತ್ತಿಯು ರೂಪುಗೊಳ್ಳುವುದಿಲ್ಲ. ಅದಕ್ಕೆ ಸಂಘಟನೆ, ಜ್ಞಾನ ವಿನಿಮಯ ಮತ್ತು ಆಚಾರಸಂಹಿತೆಗಳೂ ಬೇಕು. ಶ್ರಾಫ್ ಅವರು ಈ ದಿಸೆಯಲ್ಲಿಯೂ ಶ್ರಮಿಸಿದರು. ಅವರ ಮುಂದಾಳತ್ವದಲ್ಲಿ 1935ರಲ್ಲಿ ಸಂಯುಕ್ತ ಪ್ರಾಂತದ ಫಾರ್ಮಸಿ ಸಂಘವು ಸ್ಥಾಪನೆಗೊಂಡು, ಮುಂದೆ ಭಾರತೀಯ ಫಾರ್ಮಸಿ ಸಂಘವಾಗಿ ಬೆಳೆಯಿತು. 1939ರಲ್ಲಿ ಅವರು ಇಂಡಿಯನ್ ಜರ್ನಲ್ ಆಫ್ ಫಾರ್ಮಸಿ ಎಂಬ ಪತ್ರಿಕೆಯನ್ನು ಆರಂಭಿಸಿದರು. ಬನಾರಸ್ ಬಿಟ್ಟ ನಂತರ ಪಿಲಾನಿಯಲ್ಲಿಯೂ ಫಾರ್ಮಸಿ ಶಿಕ್ಷಣಕ್ಕೆ ಬುನಾದಿ ಹಾಕಿದರು.

ಈ ಅವಧಿಯಲ್ಲಿಯೇ 1940ರ ಔಷಧ ಅಧಿನಿಯಮ ಮತ್ತು 1948ರ ಫಾರ್ಮಸಿ ಅಧಿನಿಯಮಗಳು ಜಾರಿಗೆ ಬಂದವು. 1949ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ರಚನೆಯಾಗಿ, 1953ರಲ್ಲಿ ಮೊದಲ ಶಿಕ್ಷಣ ನಿಯಮಗಳು ರೂಪುಗೊಂಡವು. ಬೆಳಗಾವಿಯಲ್ಲಿ 1968ರಲ್ಲಿ ಕೆ.ಎಲ್.ಇ. ಸಂಸ್ಥೆಯ ಫಾರ್ಮಸಿ ಕಾಲೇಜು ಆರಂಭಗೊಂಡು, ಈ ಭಾಗದ ವಿದ್ಯಾರ್ಥಿಗಳಿಗೆ ಜಿಲ್ಲಾ ಕೇಂದ್ರದಲ್ಲಿಯೇ ವ್ಯಾಸಂಗದ ಅವಕಾಶ ದೊರೆಯಿತು. ಶ್ರಾಫ್ ಅವರು 1971ರ ಆಗಸ್ಟ್ 25ರಂದು ನಿಧನರಾದರು. ಅವರ ಜನ್ಮದಿನವನ್ನು ರಾಷ್ಟ್ರೀಯ ಫಾರ್ಮಸಿ ಶಿಕ್ಷಣ ದಿನವನ್ನಾಗಿ ಆಚರಿಸಲಾಗುತ್ತದೆ.

ಅಭ್ಯರ್ಥಿಗಳ ಗಮನಕ್ಕೆ

ಡಿ.ಫಾರ್ಮ್ ವಿದ್ಯಾರ್ಥಿಗಳು ಕನಿಷ್ಠ ಮೂರು ತಿಂಗಳ ಅವಧಿಯಲ್ಲಿ 500 ಗಂಟೆಗಳಿಗೆ ಕಡಿಮೆಯಿಲ್ಲದಂತೆ ಪ್ರಾಯೋಗಿಕ ತರಬೇತಿ ಪಡೆಯುವುದು ಕಡ್ಡಾಯ. ವೈದ್ಯರ ಚೀಟಿಯನ್ನು ಸರಿಯಾಗಿ ಓದುವುದು, ಸಂದೇಹವಿದ್ದಲ್ಲಿ ಊಹಿಸದೆ ವೈದ್ಯರನ್ನೇ ವಿಚಾರಿಸುವುದು, ಔಷಧದ ಹೆಸರು, ಪ್ರಮಾಣ ಹಾಗೂ ಅವಧಿ ಮುಗಿಯುವ ದಿನಾಂಕವನ್ನು ಪರಿಶೀಲಿಸುವುದು, ಓದು ಬಾರದ ರೋಗಿಗೂ ತಿಳಿಯುವಂತೆ ಸೇವನಾ ಕ್ರಮವನ್ನು ವಿವರಿಸುವುದು, ರೋಗಿಯ ವಿಷಯವನ್ನು ಗೋಪ್ಯವಾಗಿಡುವುದು: ಇವೆಲ್ಲವೂ ರೂಢಿಯಾಗುವುದು ತರಬೇತಿಯ ಈ ಅವಧಿಯಲ್ಲಿಯೇ. ಹೆಸರಿನಲ್ಲಿ ಹೋಲಿಕೆಯಿರುವ ಎರಡು ಔಷಧಗಳು ಅದಲು ಬದಲಾದರೆ ರೋಗಿಯ ಪ್ರಾಣಕ್ಕೇ ಅಪಾಯ ಒದಗಬಹುದು.

ಆದುದರಿಂದ ತರಬೇತಿಗೆ ಹಾಜರಾಗದೆ ಕೇವಲ ಪ್ರಮಾಣಪತ್ರ ಪಡೆಯುವುದು ರೋಗಿಗೂ ವೃತ್ತಿಗೂ ಬಗೆಯುವ ದ್ರೋಹ. ತಪ್ಪು ಮಾಹಿತಿ ನೀಡಿ ಅಥವಾ ಮುಖ್ಯ ಸಂಗತಿಯನ್ನು ಮರೆಮಾಚಿ ನೋಂದಣಿ ಪಡೆದಿದ್ದಲ್ಲಿ ಅಥವಾ ವೃತ್ತಿಗೆ ತಕ್ಕುದಲ್ಲದ ದುರ್ನಡತೆ ಸಾಬೀತಾದಲ್ಲಿ, ಫಾರ್ಮಸಿ ಅಧಿನಿಯಮದ 36ನೇ ಪ್ರಕರಣದನ್ವಯ ಅಂತಹವರ ಹೆಸರನ್ನು ನೋಂದಣಿ ಪುಸ್ತಕದಿಂದ ತೆಗೆದುಹಾಕಲು ಅವಕಾಶವಿದೆ.

ಶ್ರಾಫ್ ಅವರ ಪೀಳಿಗೆಯು ದುಡಿದದ್ದು ಔಷಧ ಕೊಡುವ ಕೈ ಅರಿತ ಕೈಯಾಗಿರಲಿ ಎಂಬ ಉದ್ದೇಶದಿಂದ. ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸುವ ಪ್ರತಿಯೊಬ್ಬರೂ ಆ ಹೊಣೆಯನ್ನು ಮುಂದುವರಿಸುವವರಾಗಿರುತ್ತಾರೆ.