ದಿನಕ್ಕೆ ಹತ್ತು ಪದ: ಕಿಟೆಲ್ ಅಯ್ಯನವರ ನಂಬಿಗಸ್ತಿಕೆ

ಬೆಂಗಳೂರು ಬಿಟ್ಟು ನಮ್ಮ ಸಕಲೇಶಪುರದ ಚಳಿಗೆ ಬಂದಿದ್ದೀರಿ, ಸ್ತೋತ್ರ. ಇವತ್ತು ನಾನು ಬೈಬಲಿನ ಒಬ್ಬ ಪ್ರವಾದಿಯ ಬಗ್ಗೆ ಮಾತಾಡ್ತಿಲ್ಲ. ನೀವು ಎಂ.ಜಿ. ರೋಡಿನಲ್ಲಿ ಮೇಯೋ ಹಾಲ್ ಹತ್ತಿರ ಹೋಗ್ತೀರಲ್ಲ, ಅಲ್ಲಿ ಪ್ರತಿಮೆಯಾಗಿ ನಿಂತಿದ್ದಾರಲ್ಲ, ಆ ಮನುಷ್ಯನ ಬಗ್ಗೆ. ರೆವರೆಂಡ್ ಫರ್ಡಿನಾಂಡ್ ಕಿಟೆಲ್.

1832ರಲ್ಲಿ ಜರ್ಮನಿಯ ಉತ್ತರ ತೀರದಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದರು. ಬಾಸೆಲ್ ಮಿಷನ್‌ನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದಿಳಿದಾಗ ವಯಸ್ಸು ಇಪ್ಪತ್ತೊಂದು. ನಿಮ್ಮಲ್ಲಿ ತುಂಬ ಜನರ ವಯಸ್ಸು ಅಷ್ಟೇ, ಅಲ್ವಾ? ಧಾರವಾಡ, ಮಂಗಳೂರು, ಇಲ್ಲಿಂದ ಶನಿವಾರಸಂತೆ, ಸೋಮವಾರಪೇಟೆ ದಾಟಿದರೆ ಸಿಗುವ ಮಡಿಕೇರಿ: ಈ ಊರುಗಳಲ್ಲೆಲ್ಲ ಅವರು ಬದುಕಿ ಸೇವೆ ಮಾಡಿದರು. ಬಂದವರು ಮೊದಲು ಮಾಡಿದ್ದು ಕನ್ನಡ ಕಲಿಯೋದು. ಎಷ್ಟು ಕಲಿತರು ಅಂದ್ರೆ, 1862ರಲ್ಲಿ ಯೇಸುಸ್ವಾಮಿಯ ಜೀವನವನ್ನು ಕನ್ನಡ ಪದ್ಯದಲ್ಲೇ ಬರೆದು ‘ಕಥಾಮಾಲೆ’ ಅಂತ ಹೆಸರಿಟ್ಟರು. ಹತ್ತು ವರ್ಷ ಕಳೆದ ಮೇಲೆ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಸಂಪಾದಿಸಿದರು. ಜೈನ ಕವಿ ಬರೆದ ವ್ಯಾಕರಣವನ್ನು ಒಬ್ಬ ಪಾದ್ರಿ ಕೂತು ತಿದ್ದೋದು ನೋಡಿ.

ಇದೇನು ಅಭಿಷೇಕದ ಸೇವೆಯಾ ಪಾಸ್ಟರ್, ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಆದರೆ ಒಂದು ಲೆಕ್ಕ ಕೇಳಿ.

ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟ. ಹಿಡಿದ ಕಾಲ ಸುಮಾರು 20 ವರ್ಷ. ಭಾಗಿಸಿ ನೋಡಿ, ವರ್ಷಕ್ಕೆ 3,500; ದಿನಕ್ಕೆ ಹತ್ತು ಪದ ಕೂಡ ಬರಲ್ಲ. ಹತ್ತು ಪದ ಬರೆಯೋದು ದೊಡ್ಡ ಕೆಲಸವಾ? ಆದರೆ ಒಂದೊಂದು ಪದಕ್ಕೂ ಅದು ಯಾವ ಗ್ರಂಥದಲ್ಲಿದೆ, ಜನ ಹೇಗೆ ಬಳಸ್ತಾರೆ, ಗಾದೆಯಲ್ಲಿ ಎಲ್ಲಿ ಬರುತ್ತೆ, ತಮಿಳು, ತೆಲುಗು, ತುಳುವಿನಲ್ಲಿ ಅದರ ನೆಂಟ ಯಾರು ಅಂತ ಹುಡುಕಬೇಕು. ಕಂಪ್ಯೂಟರ್ ಇಲ್ಲ, ಕರೆಂಟ್ ಇಲ್ಲ. ಜ್ವರ ಬಂದ ದಿನವೂ ಇತ್ತು, ಮನಸ್ಸಿಲ್ಲದ ದಿನವೂ ಇದ್ದಿರಬೇಕು. ಒಂದು ದಿನ ಬಿಟ್ಟರೆ ನಾಳೆಗೆ ಇಪ್ಪತ್ತು.

ಅವರ ಮನೆಯ ಕಷ್ಟವನ್ನೂ ನೆನಪಿಡಿ. ಮೊದಲ ಹೆಂಡತಿ ಪೌಲೀನ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ನಂತರ ಅವರ ತಂಗಿಯನ್ನು ಮದುವೆಯಾದರು. 1877ರಲ್ಲಿ ಜರ್ಮನಿಗೆ ವಾಪಸ್ ಹೋದವರು ಅಲ್ಲೇ ಆರಾಮಾಗಿ ಇರಬಹುದಿತ್ತು. ಐವತ್ತು ದಾಟಿದ ಮೇಲೆ, 1883ರಲ್ಲಿ, ಇದೇ ಕೆಲಸಕ್ಕೆ ಮತ್ತೆ ಹಡಗು ಹತ್ತಿ ಬಂದರು. ನನ್ನ ಮನಸ್ಸನ್ನು ತುಂಬ ಕಲಕಿದ್ದು ಈ ಎರಡನೇ ಬರುವಿಕೆ. ಮೊದಲ ಸಲ ಯೌವನದ ಉತ್ಸಾಹ ತಂದಿತ್ತು ಅನ್ನಬಹುದು. ಎರಡನೇ ಸಲ ಏನು ತಂತು? ಇಲ್ಲಿನ ಕಷ್ಟ ಏನಂತ ಪೂರ್ತಿ ಗೊತ್ತಿದ್ದೂ ಬಂದರಲ್ಲ.

ತಮ್ಮಂದಿರೇ, ತಂಗಿಯರೇ, ಆಲೂರಿನ ಲೈನ್ ಮನೆಗಳಲ್ಲಿ ಪ್ರಾರ್ಥನೆಗೆ ಹೋದಾಗ ಕಾಫಿ ಕೆಲಸದವರ ಮಾತು ಕೇಳ್ತೀನಿ. ನಗರದವರು ಹೂಮಳೆಯ ಫೋಟೋ ಹಾಕ್ತಾರೆ. ಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ, ಏನು ಸುವಾಸನೆ! ಆದರೆ ಮರಗಸಿ ಮಾಡಿದ್ದು, ಕಪಾತು ಮಾಡಿದ್ದು, ಬೋರರ್ ಹತ್ತಿದೆಯಾ ಅಂತ ಒಂದೊಂದು ಗಿಡದ ಬುಡ ಸವರಿ ನೋಡಿದ್ದು ಯಾರ ಫೋನಿನಲ್ಲೂ ಇಲ್ಲ. ಬೋರರ್ ಬಿದ್ದ ಗಿಡ ಮೊದಮೊದಲು ಮೇಲೆ ಹಸಿರಾಗೇ ಕಾಣಬಹುದು, ಒಳಗೆ ಟೊಳ್ಳಾಗ್ತಿರುತ್ತೆ. ಕ್ಯಾಂಪಿನಲ್ಲಿ ಕಣ್ಣೀರು ಹಾಕಿ, ಅನ್ಯಭಾಷೆಯಲ್ಲಿ ಪ್ರಾರ್ಥಿಸಿ, ಬೆಂಗಳೂರಿಗೆ ಹೋದ ಮೂರನೇ ದಿನಕ್ಕೆ ಬೈಬಲ್ ಆ್ಯಪ್ ತೆರೆಯದೆ ಎರಡು ಗಂಟೆ ರೀಲ್ಸ್ ನೋಡುವ ವಿಶ್ವಾಸಿಯನ್ನು ನೋಡಿದಾಗ ನನಗೆ ಆ ಗಿಡ ನೆನಪಾಗುತ್ತೆ. ಪವಿತ್ರಾತ್ಮನ ಮಳೆ ಬೇಕು, ಹಲ್ಲೆಲೂಯಾ, ಬೇಕೇ ಬೇಕು. ಮಳೆ ಕೊಡೋದು ದೇವರು. ಬುಡ ನೋಡೋ ಕೆಲಸವನ್ನ ನಮಗೆ ಬಿಟ್ಟಿದ್ದಾನೆ.

ಮತ್ತಾಯ 25ರಲ್ಲಿ ಯಜಮಾನ ದೂರ ದೇಶಕ್ಕೆ ಹೋಗಿ ತುಂಬ ದಿನ ಬರಲ್ಲ. ಆ ತುಂಬ ದಿನದಲ್ಲೇ ಆಳುಗಳ ಪರೀಕ್ಷೆ ಇರೋದು. ಯಾರೂ ನೋಡಲ್ಲ, ಯಾರೂ ಕೇಳಲ್ಲ. ನಿಮ್ಮ ಪಿಜಿ ರೂಮಿನ ಬೆಳಗಿನ ಅರ್ಧ ಗಂಟೆ ಹಾಗೇ.

ಕಿಟೆಲ್ ಅಯ್ಯನವರು 1892ರಲ್ಲಿ ಜರ್ಮನಿಗೆ ಹೋದರು, ಆರೋಗ್ಯ ಕೆಟ್ಟಿತ್ತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಆಗಲಾದರೂ ಪೆನ್ನು ಕೆಳಗಿಡಬಹುದಿತ್ತು. ಇಡಲಿಲ್ಲ. 1903ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ, ಟ್ಯೂಬಿಂಗನ್‌ನಲ್ಲೇ, ಕರ್ತನ ಬಳಿಗೆ ಹೋದರು.

ಈಗ ಎಲ್ಲರೂ ಬೈಬಲ್ ತೆಗೀರಿ. ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ. ನಾಳೆ ಬೆಳಿಗ್ಗೆ ಐದೂವರೆಗೆ ಇದೇ ಹಾಲ್‌ನಲ್ಲಿ ಒಂದನೇ ಅಧ್ಯಾಯ ನಾನು ನಿಮ್ಮ ಜೊತೆ ಓದ್ತೀನಿ. ಎರಡನೆಯದರಿಂದ ನೀವು, ನಿಮ್ಮ ರೂಮಿನಲ್ಲಿ, ದಿನಕ್ಕೊಂದು. ಎದ್ದು ನಿಲ್ಲಿ, ಪ್ರಾರ್ಥಿಸೋಣ.