ಚರ್ಮದ ಚೆಂಡು ತಂದ ಮುಖ್ಯೋಪಾಧ್ಯಾಯರು

ಕೊಯ್ಲು ಮುಗಿದ ಗದ್ದೆಯಲ್ಲಿ ನಾಲ್ಕು ಗಳ ನೆಟ್ಟರೆ ಸಾಕು, ವಯನಾಡಿನಲ್ಲಿ ಫುಟ್ಬಾಲ್ ಮೈದಾನ ಸಿದ್ಧವಾಗುತ್ತದೆ. ಸುಲ್ತಾನ್ ಬತ್ತೇರಿ, ಮಾನಂದವಾಡಿ, ಕಲ್ಪೆಟ್ಟಗಳಲ್ಲಿರುವ ನಂಟರ ಮನೆಗೆ ಹೋಗಿಬಂದ ನಮ್ಮ ವಿದ್ಯಾರ್ಥಿಗಳಿಗೆ ಅಲ್ಲಿಯ ಏಳೇಳು ಜನರ ಪಂದ್ಯಗಳು ಹೊಸತೇನಲ್ಲ. 2020ರ ಮಾರ್ಚಿಯಲ್ಲಿ ಕೊರೋನಾ ಬಂದಾಗ ಮುತ್ತಂಗ, ಬಾವಲಿ ದಾರಿಗಳಲ್ಲಿ ತಪಾಸಣೆ ಬಿಗಿಯಾಯಿತು. ಶಾಲೆಗಳು ಮುಚ್ಚಿದವು, ಗದ್ದೆಯ ಆಟವೂ ನಿಂತಿತು. ಕೇರಳದಲ್ಲಿ ಮಕ್ಕಳೆಲ್ಲ ಮತ್ತೆ ತರಗತಿಗೆ ಬರುವ ಹೊತ್ತಿಗೆ 2021ರ ನವೆಂಬರ್ ಆಗಿತ್ತು. ಊರಿಗೆ ಊರೇ ರೋಗಕ್ಕೆ ಹೆದರಿ ಕುಳಿತಿರುವಾಗ ಆಟ ಕಲಿಸುವ ಮಾಸ್ತರರಿಗೆ ಏನು ಕೆಲಸ ಎಂಬ ಪ್ರಶ್ನೆ ಆಗ ಎಷ್ಟೋ ಪೋಷಕರ ಮನಸ್ಸಿಗೆ ಬಂದಿರಬೇಕು. ನಮ್ಮ ಮನಸ್ಸಿಗೂ ಬಂತು. ಆ ಪ್ರಶ್ನೆಯೇ ನಮ್ಮನ್ನು ವಯನಾಡಿನಿಂದ ಬಹು ದೂರದ ಇನ್ನೊಂದು ಬೆಟ್ಟದ ನಾಡಿಗೆ, ಕಾಶ್ಮೀರಕ್ಕೆ ಕರೆದೊಯ್ದಿತು. ಅಲ್ಲಿ ನೂರು ವರ್ಷಕ್ಕೂ ಹಿಂದೆ ಒಬ್ಬ ಮುಖ್ಯೋಪಾಧ್ಯಾಯರು ಪ್ರೌಢಶಾಲೆಯ ಹುಡುಗರಿಗೆ ಕಾಲ್ಚೆಂಡಾಟ ಕಲಿಸತೊಡಗಿ ಒಂದು ವರ್ಷ ತುಂಬುವುದರೊಳಗೇ ಮಹಾಮಾರಿಯೊಂದನ್ನು ಎದುರಿಸಬೇಕಾಯಿತು. ಅವರೇ ಸಿಸಿಲ್ ಅರ್ಲ್ ಟಿಂಡೇಲ್ ಬಿಸ್ಕೋ ಅವರು.

ಬಿಸ್ಕೋ ಅವರು 1863ರ ಫೆಬ್ರವರಿ 9ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಪ್ರಾಂತದ ಹೋಲ್ಟನ್ ಎಂಬಲ್ಲಿ ಅನುಕೂಲಸ್ಥರ ಮನೆಯಲ್ಲಿ ಜನಿಸಿದರು. ಬ್ರಾಡ್‌ಫೀಲ್ಡಿನ ಶಾಲೆಯಲ್ಲಿಯೂ ಕೇಂಬ್ರಿಡ್ಜಿನ ಜೀಸಸ್ ಕಾಲೇಜಿನಲ್ಲಿಯೂ ಓದಿದರು. ಆಳು ಕುಳ್ಳು, ಮೈ ಹಗುರ. ಅಂಥವರಿಗೆ ಆಟದಲ್ಲಿ ಏನು ಸ್ಥಾನವೆಂದು ನಮ್ಮ ಹುಡುಗರು ಕೇಳಬಹುದು. ದೋಣಿ ಸ್ಪರ್ಧೆಯಲ್ಲಿ ಎಂಟು ಜನ ಹುಟ್ಟು ಹಾಕಿದರೆ ಒಂಬತ್ತನೆಯವನೊಬ್ಬ ಹಿಂದೆ ಕುಳಿತು ಚುಕ್ಕಾಣಿ ಹಿಡಿದು ದಾರಿ ತೋರಿಸುತ್ತಾನೆ. ಅವನು ಎಷ್ಟು ಹಗುರವಾಗಿದ್ದರೆ ಅಷ್ಟು ಒಳ್ಳೆಯದು. 1884ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವನ್ನು ಸೋಲಿಸಿದ ಕೇಂಬ್ರಿಡ್ಜ್ ದೋಣಿಯ ಚುಕ್ಕಾಣಿ ಬಿಸ್ಕೋ ಅವರ ಕೈಯಲ್ಲಿತ್ತು. ಬಳಿಕ ಅವರು ಪಾದ್ರಿಯ ದೀಕ್ಷೆ ಪಡೆದು, ಲಂಡನ್ನಿನ ಬಡವರ ಕೇರಿಯಾದ ವೈಟ್‌ಚಾಪೆಲ್‌ನಲ್ಲಿ ಕೆಲಕಾಲ ಕೆಲಸ ಮಾಡಿ, ಚರ್ಚ್ ಮಿಷನರಿ ಸೊಸೈಟಿಯ ಮೂಲಕ 1890ರ ಡಿಸೆಂಬರಿನಲ್ಲಿ ಶ್ರೀನಗರ ತಲುಪಿದರು.

ಅಲ್ಲಿ ಮಿಷನ್ನಿನ ಶಾಲೆ ಹತ್ತು ವರ್ಷದಿಂದ ನಡೆಯುತ್ತಿತ್ತು. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಹೆಚ್ಚಿನವರು ಪಂಡಿತರ ಮನೆಯ ಮಕ್ಕಳು. ಮಕ್ಕಳೆಂದರೆ ನಮ್ಮ ಎಂಟು ಒಂಬತ್ತನೆಯ ತರಗತಿಯ ಹುಡುಗರಂತೆ ಎಣಿಸಬಾರದು. ಹಲವರಿಗೆ ಗಡ್ಡ ಬಂದಿತ್ತು, ಮದುವೆಯೂ ಆಗಿತ್ತು. ಮೊಣಕಾಲು ಮುಚ್ಚುವ ಫೆರನ್ ಎಂಬ ನಿಲುವಂಗಿ, ಚಳಿಗಾಲದಲ್ಲಿ ಅದರೊಳಗೆ ಕಾಂಗ್ಡಿ ಎಂಬ ಕೆಂಡದ ಕುಡಿಕೆ, ಕಾಲಿಗೆ ಮರದ ಹಾವುಗೆ. ಓದಿ ಪರೀಕ್ಷೆ ಪಾಸುಮಾಡಿ ಸರ್ಕಾರಿ ನೌಕರಿ ಹಿಡಿಯುವುದೇ ಅವರ ಗುರಿ. ಓಡುವುದು, ಈಜುವುದು, ಹುಟ್ಟು ಹಾಕುವುದು ಕೂಲಿಯವರ ಕೆಲಸ, ಮರ್ಯಾದಸ್ಥರದಲ್ಲ ಎಂಬುದು ಅವರ ನಂಬಿಕೆ. ಈ ನಂಬಿಕೆ ಕಾಶ್ಮೀರದಲ್ಲಿ ಮಾತ್ರ ಇತ್ತೆಂದು ನಾವು ಹೇಳಲಾರೆವು. ನಮ್ಮ ಅಜ್ಜಂದಿರ ಕಾಲದಲ್ಲಿ ನಮ್ಮ ಊರುಗಳಲ್ಲಿಯೂ ಓದುವ ಹುಡುಗ ಬೆವರಬಾರದೆಂದು ತಿಳಿದವರಿದ್ದರು.

1891ರ ಶರತ್ಕಾಲದಲ್ಲಿ ಬಿಸ್ಕೋ ಅವರು ತಮ್ಮ ಪತ್ನಿ ಬ್ಲಾಂಚ್ ಅವರನ್ನು ಕರೆತರಲು ಬೊಂಬಾಯಿಗೆ ಹೋದರು. ಬರುವಾಗ ಒಂದು ಚರ್ಮದ ಫುಟ್ಬಾಲನ್ನೂ ತಂದರು. ಕಲ್ಕತ್ತೆಯ ಹೇರ್ ಶಾಲೆಯ ಬಾಲಕ ನಗೇಂದ್ರಪ್ರಸಾದ ಸರ್ವಾಧಿಕಾರಿ 1877ರಲ್ಲಿಯೇ ಗೆಳೆಯರನ್ನು ಕೂಡಿಸಿಕೊಂಡು ಈ ಆಟ ಆಡಿದ್ದನು, ಸಿಮ್ಲಾದಲ್ಲಿ 1888ರಲ್ಲಿ ಡ್ಯುರಾಂಡ್ ಪಂದ್ಯಾವಳಿಯೂ ಆರಂಭವಾಗಿತ್ತು. ಆದರೆ ಶ್ರೀನಗರದ ಆ ಹುಡುಗರು ಇಂಥ ವಸ್ತುವನ್ನು ಕಂಡವರಲ್ಲ. ಮಾಸ್ತರರು ಅದನ್ನು ಎತ್ತಿ ತೋರಿಸಿದಾಗ, ಇದರಿಂದ ಹಣ ಸಿಗುವುದೇ ಎಂದು ಕೇಳಿದರು. ಇಲ್ಲವೆಂದು ತಿಳಿದಾಗ ಅರ್ಧ ಆಸಕ್ತಿ ಹೋಯಿತು. ಇದು ಯಾವುದರಿಂದ ಮಾಡಿದ್ದು ಎಂದು ಕೇಳಿ, ಚರ್ಮದ್ದೆಂದು ತಿಳಿದಾಗ ಉಳಿದರ್ಧವೂ ಹೋಯಿತು. ಅದನ್ನು ಮುಟ್ಟಿದರೆ ಮೈಲಿಗೆ, ತೆಗೆದುಕೊಂಡು ಹೋಗಿ ಎಂದರು.

ಮುಂದೆ ನಡೆದದ್ದು ಆಟವೋ ಕಾದಾಟವೋ ಹೇಳುವುದು ಕಷ್ಟ. ಬಿಸ್ಕೋ ಅವರು ಅಧ್ಯಾಪಕರ ಕೈಗೆ ಕೋಲು ಕೊಟ್ಟು, ದಾರಿಯಲ್ಲಿ ಯಾರೂ ನುಣುಚಿಕೊಳ್ಳದಂತೆ ನೋಡಿಕೊಂಡು, ಹುಡುಗರನ್ನು ಕುರಿ ಹೊಡೆದಂತೆ ಮೈದಾನಕ್ಕೆ ಹೊಡೆಸಿದರು. ಗೋಲಿನ ಕಂಬ ನೆಟ್ಟಿತ್ತು. ನೋಡಲು ಊರೇ ನೆರೆದಿತ್ತು. ಹುಡುಗರನ್ನು ಎರಡು ತಂಡ ಮಾಡಿ ನಿಲ್ಲಿಸಿ, ಗಡ್ಡದ ಒಬ್ಬ ವಿದ್ಯಾರ್ಥಿಗೆ ಚೆಂಡನ್ನು ಒದೆಯಲು ಹೇಳಿದರು. ಅವನು ಒದೆಯಲಿಲ್ಲ. ಬಿಸ್ಕೋ ಅವರು ಗಡಿಯಾರ ತೆಗೆದು ಐದು ನಿಮಿಷ ಅವಕಾಶ ಕೊಟ್ಟರು. ಐದು ನಿಮಿಷವೂ ಕಳೆಯಿತು, ಅವರು ಕೂಗಿದರು, ಅಧ್ಯಾಪಕರು ಕೋಲೆತ್ತಿಕೊಂಡು ನುಗ್ಗಿದರು. ಆಮೇಲೆ ಹಾವುಗೆಗಳೂ ರುಮಾಲುಗಳೂ ಗಾಳಿಯಲ್ಲಿ ಹಾರಿದವು. ಫೆರನ್ನುಗಳು ಮುಖಕ್ಕೆ ಬಡಿದವು. ಚೆಂಡು ಒಮ್ಮೆ ಉರುಳತೊಡಗಿದ ಮೇಲೆ ಯಾರು ಯಾವ ಕಡೆಯವರೆಂಬುದನ್ನೂ ಮರೆತು ಎಲ್ಲರೂ ಅದರ ಹಿಂದೆ ಓಡಿದರು.

ಅಷ್ಟರಲ್ಲಿ ಚೆಂಡು ಹಾರಿ ಒಬ್ಬನ ಮುಖಕ್ಕೆ ಬಡಿಯಿತು. ಆಟ ಥಟ್ಟನೆ ನಿಂತಿತು. ಪೆಟ್ಟಿಗೆ ಯಾರೂ ಹೆದರಲಿಲ್ಲ, ಚರ್ಮ ತುಟಿಗೆ ತಾಗಿ ಜಾತಿ ಕೆಟ್ಟಿತಲ್ಲಾ ಎಂದು ಹೆದರಿದರು. ಅವನು ಅತ್ತನು, ಉಳಿದವರು ಸುತ್ತ ನೆರೆದು ಗೋಳಾಡಿದರು. ಬಿಸ್ಕೋ ಅವರು ಹೆಚ್ಚು ಮಾತಾಡದೆ, ಅವನನ್ನು ಕಾಲುವೆಗೆ ಕರೆದೊಯ್ದು ಮುಖ ತೊಳೆಯಿಸಿ ಎಂದರು. ತೊಳೆದರು. ಮೈಲಿಗೆ ಹೋಯಿತು, ಆಟ ಮುಂದುವರಿಯಿತು.

ಈ ಪ್ರಸಂಗವನ್ನು ಓದಿದವರೆಲ್ಲ ನಗುತ್ತಾರೆ. ನಾವೂ ನಕ್ಕೆವು. ಆದರೆ ಆ ಕಾಲುವೆಯ ನೀರು ಹೇಗಿತ್ತೆಂದು ತಿಳಿದಾಗ ನಗು ನಿಂತಿತು. ಅಂದಿನ ಶ್ರೀನಗರದಲ್ಲಿ ಚರಂಡಿ ವ್ಯವಸ್ಥೆಯಿರಲಿಲ್ಲ. ಮನೆಗಳ ಹೊಲಸೆಲ್ಲ ಓಣಿಗಳಿಂದ ಕಾಲುವೆಗಳಿಗೆ, ಕಾಲುವೆಗಳಿಂದ ಝೇಲಂ ನದಿಗೆ ಸೇರುತ್ತಿತ್ತು. ನಮ್ಮ ಪುರಾಣಗಳಲ್ಲಿ ವಿತಸ್ತಾ ಎಂದು ಹೆಸರಾದ ನದಿಯೇ ಅದು. ಜನ ಅದರಲ್ಲಿಯೇ ಮೀಯುತ್ತಿದ್ದರು, ಅದನ್ನೇ ಕುಡಿಯುತ್ತಿದ್ದರು. ಬೊಂಬಾಯಿಯ ಅಂಗಡಿಯಿಂದ ಬಂದ ಹೊಸ ಚೆಂಡು ಮೈಲಿಗೆ, ಕಾಲುವೆಯ ನೀರು ಮಡಿ! ವಾಂತಿಭೇದಿಯ ವಿಷ ಕುಡಿಯುವ ನೀರಿನ ಮೂಲಕ ಬರುತ್ತದೆಂದು ಲಂಡನ್ನಿನಲ್ಲಿ ವೈದ್ಯ ಜಾನ್ ಸ್ನೋ ತೋರಿಸಿಕೊಟ್ಟು ಆಗಲೇ ಸುಮಾರು ನಲವತ್ತು ವರ್ಷವಾಗಿತ್ತು. ರಾಬರ್ಟ್ ಕಾಖ್ ಅವರು 1884ರಲ್ಲಿ ಕಲ್ಕತ್ತೆಯಲ್ಲಿಯೇ ಆ ರೋಗಾಣುವನ್ನು ಗುರುತಿಸಿದ್ದರು. ಆ ತಿಳುವಳಿಕೆ ಝೇಲಂ ದಂಡೆಯ ಮನೆಗಳಿಗೆ ಇನ್ನೂ ಮುಟ್ಟಿರಲಿಲ್ಲ.

ಚೆಂಡು ಬಂದ ಮರುವರ್ಷ, 1892ರಲ್ಲಿ, ಕಾಲರಾ ಬಂತು. ಪಂಡಿತರು ಐದನೆಯ ಜಾಗತಿಕ ಕಾಲರಾ ಎಂದು ಲೆಕ್ಕ ಹಾಕುವ ಮಹಾಮಾರಿ ಅದು. 1881ರಲ್ಲಿ ತಲೆಯೆತ್ತಿ ಹದಿನೈದು ವರ್ಷ ಲೋಕವನ್ನು ಕಾಡಿತು. ಆ ವರ್ಷ ವಸಂತದಲ್ಲಿ ಹರಿದ್ವಾರದ ಜಾತ್ರೆಯಿಂದ ಪಂಜಾಬಿಗೂ ಕಾಶ್ಮೀರಕ್ಕೂ ಹಬ್ಬಿ, ಆಫ್ಘಾನಿಸ್ತಾನ, ಪರ್ಷಿಯಾ, ರಷ್ಯಾಗಳನ್ನು ಹಾದು, ಆಗಸ್ಟಿನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರವನ್ನು ಹೊಕ್ಕು ಅಲ್ಲಿ 8,000ಕ್ಕೂ ಹೆಚ್ಚು ಜನರನ್ನು ಕೊಂದಿತು. ಕಾಶ್ಮೀರದಲ್ಲಿ ಭೂಕಂದಾಯದ ಅಧಿಕಾರಿಯಾಗಿದ್ದ ವಾಲ್ಟರ್ ಲಾರೆನ್ಸ್ ಅವರ ಲೆಕ್ಕದಂತೆ ಶ್ರೀನಗರ ಮತ್ತು ಹಳ್ಳಿಗಳು ಸೇರಿ 11,000ಕ್ಕೂ ಹೆಚ್ಚು ಜನ ಸತ್ತರು. ನಗರದಲ್ಲಿಯೇ ಅದರ ಅರ್ಧದಷ್ಟು.

ಕೊರೋನಾ ಉಸಿರಿನಿಂದ ಹರಡುವ ರೋಗ. ಆದುದರಿಂದ ಮೈದಾನವನ್ನು ಮುಚ್ಚಬೇಕಾಯಿತು. ಕಾಲರಾ ಹಾಗಲ್ಲ. ಅದು ನೀರಿನಲ್ಲಿ, ಹೊಲಸಿನಲ್ಲಿ ಇರುತ್ತದೆ. ಬಯಲಿನ ಆಟ ಅದನ್ನು ಹರಡದು, ತಡೆಯಲೂ ತಡೆಯದು. ಕಾಲರಾವನ್ನು ಎದುರಿಸಲು ಹೊರಟವರು ಓಣಿಗೆ ಇಳಿಯಬೇಕಾಗಿತ್ತು. ಬಿಸ್ಕೋ ಅವರು ಇಳಿದರು. ಸಲಿಕೆ, ಗುದ್ದಲಿ ಹಿಡಿದು ಓಣಿಯ ಕಸ ಎತ್ತುವ ಕೆಲಸಕ್ಕೆ ತಾವೇ ಮುಂದಾಗಿ, ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಹಚ್ಚಿದರು. ಪಂಡಿತರ ಮಕ್ಕಳು ಸಲಿಕೆ ಹಿಡಿದದ್ದನ್ನು ಕಂಡು ಜನ ನಕ್ಕರು. ಬೀದಿ ಗುಡಿಸುವುದು ಆ ಶಾಲೆಯಲ್ಲಿ ಒಂದು ದಿನದ ಪ್ರದರ್ಶನವಾಗಿ ನಿಲ್ಲಲಿಲ್ಲ. ಕಾಲರಾ ಆ ಕಣಿವೆಗೆ ಮತ್ತೆ ಮತ್ತೆ ಬಂದ ವರ್ಷಗಳಲ್ಲೆಲ್ಲ ಅದು ಪಾಠದಂತೆಯೇ ಶಾಲೆಯ ಕೆಲಸವಾಗಿ ನಡೆದು ಬಂತು. ಮಿಷನ್ ಆಸ್ಪತ್ರೆಯಲ್ಲಿ ಆರ್ಥರ್ ನೀವ್, ಅರ್ನೆಸ್ಟ್ ನೀವ್ ಎಂಬ ವೈದ್ಯ ಸಹೋದರರು ದುಡಿಯುತ್ತಿದ್ದರು. ಅಲ್ಲಿ ಚೇತರಿಸಿಕೊಳ್ಳುತ್ತಿದ್ದ ರೋಗಿಗಳನ್ನು ಶಾಲೆಯ ಹುಡುಗರು ದೋಣಿಯಲ್ಲಿ ಕೂರಿಸಿ ದಾಲ್ ಸರೋವರದ ಮೇಲೆ ತಿರುಗಾಡಿಸಿ ತರುತ್ತಿದ್ದರು. ಹುಟ್ಟು ಹಾಕುತ್ತಿದ್ದವರು, ಹಿಂದೆ ಹುಟ್ಟು ಮುಟ್ಟಿದರೆ ಅಂಬಿಗನೆನ್ನಿಸಿಕೊಂಡೇವೆಂದು ನಾಚುತ್ತಿದ್ದ ಮನೆತನಗಳ ಹುಡುಗರೇ.

ಕಾಲ್ಚೆಂಡಿಗೂ ಸಲಿಕೆಗೂ ಸಂಬಂಧವಿದೆಯೇ? ಇದೆಯೆಂದೇ ನಮ್ಮ ಎಣಿಕೆ. ಚರ್ಮ ಮುಖಕ್ಕೆ ತಾಗಿದರೂ ಏನೂ ಆಗಲಿಲ್ಲ ಎಂಬುದನ್ನು ಮೈದಾನದಲ್ಲಿ ಕಣ್ಣಾರೆ ಕಂಡ ಹುಡುಗನಿಗೆ ಓಣಿಯ ಹೊಲಸಿಗೆ ಕೈ ಹಾಕುವ ಧೈರ್ಯ ಸ್ವಲ್ಪ ಬೇಗ ಬಂದಿರಬೇಕು. ಮೈಲಿಗೆ ಯಾವುದು, ರೋಗ ಯಾವುದು ಎಂದು ಬೇರ್ಪಡಿಸಿ ನೋಡುವುದನ್ನು ಅವನಿಗೆ ಪುಸ್ತಕಕ್ಕಿಂತ ಮೊದಲು ಚೆಂಡು ಕಲಿಸಿತು.

1893ರಲ್ಲಿ ಝೇಲಂ ಉಕ್ಕಿ ನಗರ ಮುಳುಗಿತು, 1903ರಲ್ಲಿ ಇನ್ನೊಮ್ಮೆ. ಶಾಲೆಯ ದೋಣಿಗಳು ಜನರನ್ನು ಎತ್ತಿ ತಂದವು. ಮರದ ಮನೆಗಳ ಆ ಊರಿನಲ್ಲಿ ಬೆಂಕಿ ಬಿದ್ದರೆ ಹುಡುಗರು ಶಾಲೆಯ ನೀರೆತ್ತುವ ಯಂತ್ರದೊಂದಿಗೆ ಓಡುತ್ತಿದ್ದರು. ಈಜು ಕಡ್ಡಾಯವಾಯಿತು. ವಯಸ್ಸು ಮೀರಿದರೂ ಈಜು ಬಾರದವನ ಶಾಲಾ ಶುಲ್ಕ ವರ್ಷ ವರ್ಷಕ್ಕೂ ಏರುತ್ತಿತ್ತು! ಹಣ ಉಳಿಸುವುದಕ್ಕಾದರೂ ತಂದೆಯರು ಮಕ್ಕಳನ್ನು ನೀರಿಗಿಳಿಸಿದರು. ಈ ಉಪಾಯವನ್ನು ನಮ್ಮ ಶಾಲೆಯಲ್ಲಿ ಜಾರಿಗೆ ತಂದರೆ ಪೋಷಕರ ಸಭೆ ಹೇಗಿದ್ದೀತೆಂದು ಯೋಚಿಸಿ ನಾವು ಸುಮ್ಮನಾದೆವು.

ಇಷ್ಟೆಲ್ಲ ಹೇಳಿ ಅವರ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಬಿಸ್ಕೋ ಅವರು ಬ್ರಿಟಿಷ್ ಚಕ್ರಾಧಿಪತ್ಯದ ಕಾಲದವರು. ತಮ್ಮ ದೇಶದ ರೀತಿಯೇ ಮೇಲೆಂಬ ನಂಬಿಕೆ ಅವರಲ್ಲಿ ಬಲವಾಗಿತ್ತು. 1922ರಲ್ಲಿ ಕಾಶ್ಮೀರದ ಬಗ್ಗೆ ಅವರು ಪ್ರಕಟಿಸಿದ ಪುಸ್ತಕದಲ್ಲಿ ಅಲ್ಲಿಯ ಜನರನ್ನು ಹೀನಾಯವಾಗಿ ಕಂಡ ಮಾತುಗಳು ಸಾಕಷ್ಟಿವೆ. ಕೋಲಿನಿಂದ ಹೊಡೆದು ಆಟ ಕಲಿಸಿದ್ದನ್ನು ಅವರು ಹೆಮ್ಮೆಯಿಂದಲೇ ಬರೆದುಕೊಂಡಿದ್ದಾರೆ. ಇಂದಿನ ಯಾವ ಅಧ್ಯಾಪಕರೂ ಹಾಗೆ ಮಾಡಬಾರದು, ಮಾಡಿದರೆ ಕಾನೂನು ಒಪ್ಪದು. ಆ ಹುಡುಗರಿಗೆ ತಮ್ಮ ಮನೆಯ ಆಚಾರ ದೊಡ್ಡದಾಗಿತ್ತು. ಅದನ್ನು ಗೇಲಿ ಮಾಡುವಾಗ ಅವರ ಅಂಜಿಕೆಯನ್ನು ಮಾಸ್ತರರು ಪೂರ್ತಿ ಅರಿತಿದ್ದರೆಂದು ನಮಗೆ ತೋರುವುದಿಲ್ಲ. ಹಾಗೆಯೇ, ಅವರ ಕೆಲಸವೆಲ್ಲ ಅವರೊಬ್ಬರದೇ ಎಂದು ಬರೆಯುವ ವಾಡಿಕೆಯೂ ಇದೆ. ಶಂಕರ ಕೌಲ್ ಅವರಂಥ ಕಾಶ್ಮೀರಿ ಅಧ್ಯಾಪಕರು ಜೊತೆಗೆ ನಿಲ್ಲದಿದ್ದರೆ ಒಬ್ಬ ವಿದೇಶಿ ಪಾದ್ರಿಯ ಮಾತಿಗೆ ಯಾವ ಹುಡುಗ ಸಲಿಕೆ ಹಿಡಿಯುತ್ತಿದ್ದನು? ಆ ಅಧ್ಯಾಪಕರು ಸಂಜೆ ಅದೇ ಕೇರಿಗೆ, ಅದೇ ಬಂಧುಗಳ ನಡುವೆ ಹಿಂತಿರುಗಿ ಬಾಳಬೇಕಾಗಿತ್ತು. ಮತಾಂತರಗೊಂಡವರೋ ಬಹು ವಿರಳ. ಅದಕ್ಕಾಗಿ ಮಿಷನ್ನಿನ ಕೆಲವರಿಗೆ ಬಿಸ್ಕೋ ಅವರ ಮೇಲೆ ಅಸಮಾಧಾನವೂ ಇತ್ತು.

ಬಿಸ್ಕೋ ಅವರು ಐವತ್ತಕ್ಕೂ ಹೆಚ್ಚು ವರ್ಷ ಅದೇ ಊರಿನಲ್ಲಿ ಕಳೆದರು. ವಿಧವೆಯರ ಮರುವಿವಾಹಕ್ಕೆ ಅವರ ಅಧ್ಯಾಪಕರು ಕೈಜೋಡಿಸಿದರು. ಹೆಣ್ಣುಮಕ್ಕಳಿಗೆ ಮಿಷನ್ನಿನ ಶಾಲೆ ಬೆಳೆಯಿತು. 1922ರಲ್ಲಿ ಬಂದ ಮ್ಯಾಲಿನ್ಸನ್ ಅವರ ಹೆಸರನ್ನು ಅದು ಇಂದೂ ಹೊತ್ತಿದೆ. ಹಾರ್ವನ್ ಕಡೆಯಿಂದ ನಗರಕ್ಕೆ ಕೊಳವೆಯ ಕುಡಿಯುವ ನೀರು ಬಂತು. ಮೊದಲ ದಿನ ಕೋಲಿನಿಂದ ಆಡಿಸಬೇಕಾದ ಆಟವನ್ನು ಆಮೇಲೆ ಕಣಿವೆಯ ಬೇರೆ ಶಾಲೆಗಳೂ ಎತ್ತಿಕೊಂಡವು. ಶ್ರೀನಗರದಲ್ಲಿ 2016ರಲ್ಲಿ ಹುಟ್ಟಿದ ರಿಯಲ್ ಕಾಶ್ಮೀರ್ ತಂಡ 2018ರಲ್ಲಿ ದೇಶದ ಐ-ಲೀಗ್ ಪಂದ್ಯಗಳಿಗೆ ಏರಿದ ಸುದ್ದಿ ನಮ್ಮ ಆಟಗಾರ ಹುಡುಗರಿಗೆ ತಿಳಿದೇ ಇದೆ.

1947ರಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಬಿಸ್ಕೋ ದಂಪತಿಗಳು ಕಾಶ್ಮೀರವನ್ನು ಬಿಟ್ಟರು. ಆಫ್ರಿಕದ ದಕ್ಷಿಣ ರೊಡೇಷಿಯಾದ ಸಾಲಿಸ್‌ಬರಿಯಲ್ಲಿ, ಅಂದರೆ ಇಂದಿನ ಜಿಂಬಾಬ್ವೆಯ ಹರಾರೆಯಲ್ಲಿ, 1949ರ ಆಗಸ್ಟ್ 1ರಂದು ಅವರು ತೀರಿಕೊಂಡರು. ಶ್ರೀನಗರದ ಶೇಖ್ ಬಾಗಿನಲ್ಲಿ ಅವರ ಹೆಸರಿನ ಶಾಲೆ ಈಗಲೂ ನಡೆಯುತ್ತಿದೆ. ಅದರ ಲಾಂಛನದಲ್ಲಿ ಕಾಶ್ಮೀರದ ಅಂಬಿಗರು ಬಳಸುವಂಥ, ಹೃದಯದ ಆಕಾರದ ಅಲಗಿನ ಎರಡು ಹುಟ್ಟುಗಳಿವೆ.