ಕಿಯಾಂಟಿ ವೈನ್‌ನ ‘ರಿಕಾಸೊಲಿ ಸೂತ್ರ’: ಪತ್ರದಲ್ಲಿ ಇದ್ದದ್ದೇನು, ಹರಡಿದ್ದೇನು?

ಇಟಲಿಯ ಹೆಸರಾಂತ ಕೆಂಪು ವೈನ್ ಕಿಯಾಂಟಿ. ಇದನ್ನು ಮಾಡುವ ಲೆಕ್ಕವನ್ನು ಆ ದೇಶದ ಪ್ರಧಾನಿಯೊಬ್ಬರು ಬರೆದಿಟ್ಟಿದ್ದರು ಎಂಬ ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ಶೇ 70ರಷ್ಟು ಸಾಂಜೊವೇಸೆ ದ್ರಾಕ್ಷಿ, ಉಳಿದದ್ದರಲ್ಲಿ ಇಂತಿಷ್ಟು ಕನಾಯೋಲೊ, ಇಂತಿಷ್ಟು ಮಾಲ್ವಾಸಿಯಾ ಎಂದು ಅಂಕಿಗಳನ್ನೂ ಕೊಡುತ್ತಾರೆ. ಇದು ನಿಜವೇ? ಅರ್ಧ ನಿಜ. ಉಳಿದರ್ಧ ಏನಾಯಿತು ಎಂದು ನೋಡೋಣ.

ಯಾರಿವರು?

ಬೆಟ್ಟಿನೊ ರಿಕಾಸೊಲಿ ಹುಟ್ಟಿದ್ದು 1809ರಲ್ಲಿ, ಫ್ಲಾರೆನ್ಸ್‌ನಲ್ಲಿ. ಸಿಯೆನಾ ಬಳಿಯ ಬ್ರೋಲಿಯೊ ಕೋಟೆ ಮತ್ತು ಅದರ ಸುತ್ತಲಿನ ತೋಟಗಳು ಅವರ ಮನೆತನದ್ದು. ಚಿಕ್ಕ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಆಸ್ತಿಯ ಜೊತೆಗೆ ಸಾಲವೂ ಕೈಗೆ ಬಂತು. ಅವರು ತೋಟದ ಕೆಲಸಕ್ಕೇ ಇಳಿದರು. ಫ್ರಾನ್ಸ್, ಜರ್ಮನಿಗೆ ಹೋಗಿ ವೈನ್ ತಯಾರಿಕೆ ನೋಡಿ ಬಂದರು. ಯಾವ ದ್ರಾಕ್ಷಿಯನ್ನು ಯಾವುದರ ಜೊತೆ ಸೇರಿಸಿದರೆ ಒಳ್ಳೆಯದು ಎಂದು ದಶಕಗಳ ಕಾಲ ಪ್ರಯೋಗ ಮಾಡಿದರು.

ನಡುವೆ ರಾಜಕೀಯ. 1861ರಲ್ಲಿ ಮೊದಲ ಪ್ರಧಾನಿ ಕಾವೂರ್ ನಿಧನರಾದಾಗ ರಿಕಾಸೊಲಿ ಇಟಲಿಯ ಎರಡನೇ ಪ್ರಧಾನಿಯಾದರು. 1866ರಲ್ಲಿ ಮತ್ತೊಮ್ಮೆ ಆ ಹುದ್ದೆಗೇರಿದರು. ಹಟದ ಸ್ವಭಾವಕ್ಕೆ ಜನ ಇಟ್ಟ ಹೆಸರು ‘ಉಕ್ಕಿನ ಬ್ಯಾರನ್’.

ಪತ್ರದಲ್ಲಿ ಏನಿತ್ತು?

1872ರಲ್ಲಿ ಅವರು ಪೀಸಾ ವಿಶ್ವವಿದ್ಯಾಲಯದ ಪ್ರೊಫೆಸರ್ ಚೆಸಾರೆ ಸ್ತುದಿಯಾತಿ ಅವರಿಗೆ ತಮ್ಮ ಅನುಭವವನ್ನು ಬರೆದು ತಿಳಿಸಿದರು. ಅದರ ಸಾರ ಇಷ್ಟು: ಸಾಂಜೊವೇಸೆಯಿಂದ ಪರಿಮಳ ಮತ್ತು ಕಸುವು ಬರುತ್ತದೆ. ಕನಾಯೋಲೊ ಅದರ ಗಡಸನ್ನು ತಗ್ಗಿಸುತ್ತದೆ. ಮಾಲ್ವಾಸಿಯಾ ಎಂಬ ಬಿಳಿ ದ್ರಾಕ್ಷಿ ಇವೆರಡನ್ನೂ ತೆಳುಮಾಡಿ, ದಿನದ ಊಟಕ್ಕೆ ಬೇಗ ಒದಗುವಂತೆ ಮಾಡುತ್ತದೆ. ಆದರೆ ವರ್ಷಗಟ್ಟಲೆ ಇಡುವ ವೈನ್‌ಗೆ ಅದನ್ನು ಬಿಟ್ಟುಬಿಡಬಹುದು.

ಗಮನಿಸಿ: ಇಲ್ಲಿ ಒಂದೇ ಒಂದು ಶೇಕಡಾ ಲೆಕ್ಕವೂ ಇಲ್ಲ!

ಅವರ ಮಾತಿನ ಹಿಂದೆ ವಿಜ್ಞಾನವೂ ಇದೆ. ಕಪ್ಪು ದ್ರಾಕ್ಷಿಯ ಸಿಪ್ಪೆ ಸುಲಿದು ನೋಡಿ, ಒಳಗಿನ ತಿರುಳಿಗೆ ಸಾಮಾನ್ಯವಾಗಿ ಬಣ್ಣ ಇರುವುದಿಲ್ಲ. ಕೆಂಪು ವೈನ್‌ನ ಬಣ್ಣ ಬರುವುದು ಸಿಪ್ಪೆಯಿಂದ. ಬಾಯಿ ಒಗರಾಗಿಸುವ ಟ್ಯಾನಿನ್ ಸಿಪ್ಪೆ ಮತ್ತು ಬೀಜದಲ್ಲಿರುತ್ತದೆ. ಕೆಂಪು ವೈನ್ ಬಹುಕಾಲ ಬಾಳಲು ಈ ಟ್ಯಾನಿನ್ ನೆರವಾಗುತ್ತದೆ. ಬಿಳಿ ದ್ರಾಕ್ಷಿ ಹೆಚ್ಚಾದಷ್ಟೂ ಬಣ್ಣ, ಒಗರು ಎರಡೂ ಕಡಿಮೆ.

ಆಮೇಲೆ ಆದದ್ದು

ರಿಕಾಸೊಲಿ 1880ರಲ್ಲಿ ಬ್ರೋಲಿಯೊದಲ್ಲೇ ತೀರಿಕೊಂಡರು. ಅವರ ಹೆಸರು ಉಳಿಯಿತು, ಅವರು ಹೇಳಿದ ‘ಆದರೆ’ ಉಳಿಯಲಿಲ್ಲ. 1967ರ ಕಿಯಾಂಟಿ ನಿಯಮದ ಪ್ರಕಾರ ಶೇ 10ರಿಂದ 30ರಷ್ಟು ಬಿಳಿ ದ್ರಾಕ್ಷಿ ಸೇರಿಸುವುದು ಕಡ್ಡಾಯವಾಯಿತು. ಮಾಲ್ವಾಸಿಯಾ ಜೊತೆಗೆ, ಪತ್ರದಲ್ಲಿ ಹೆಸರೇ ಇರದ ಟ್ರೆಬ್ಬಿಯಾನೊ ಕೂಡ ಒಳಗೆ ಬಂತು. ಅದು ಇಳುವರಿ ಹೆಚ್ಚು ಕೊಡುವ ತಳಿ. ಬಿಳಿ ದ್ರಾಕ್ಷಿ ಬೇಡವೆಂದ ಕೆಲವು ತಯಾರಕರು ತಮ್ಮ ಉತ್ತಮ ವೈನನ್ನೇ ಕಿಯಾಂಟಿ ಎಂಬ ಹೆಸರಿಲ್ಲದೆ ಮಾರಬೇಕಾಯಿತು.

ತಿದ್ದಲು ಬಹಳ ವರ್ಷ ಹಿಡಿಯಿತು. ಬ್ರೋಲಿಯೊ ಸೇರಿದ ಕಿಯಾಂಟಿ ಕ್ಲಾಸಿಕೊ ವಲಯದಲ್ಲಿ 1996ರಲ್ಲಿ ಪೂರ್ತಿ ಸಾಂಜೊವೇಸೆಯಿಂದಲೇ ವೈನ್ ಮಾಡಲು ಅನುಮತಿ ಸಿಕ್ಕಿತು. 2006ರ ಬೆಳೆಯಿಂದ ಅಲ್ಲಿ ಬಿಳಿ ದ್ರಾಕ್ಷಿಗೆ ಜಾಗವೇ ಇಲ್ಲ.

ಇದನ್ನು ಓದಿ ವೈನ್ ಆರೋಗ್ಯಕ್ಕೆ ಒಳ್ಳೆಯದು ಎಂದುಕೊಳ್ಳಬೇಡಿ. ಮದ್ಯ ಎಷ್ಟೇ ಕಡಿಮೆಯಾದರೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ದೊಡ್ಡವರ ಹೆಸರು, ಜೊತೆಗೆ ಅಚ್ಚುಕಟ್ಟಾದ ಅಂಕಿ ಇರುವ ಸಂದೇಶ ನಿಮಗೂ ಬರುತ್ತಿರುತ್ತದೆ. ಮುಂದೆ ಕಳಿಸುವ ಮೊದಲು, ಆ ಅಂಕಿ ಮೂಲದಲ್ಲಿ ಇದೆಯೇ ಎಂದೊಮ್ಮೆ ನೋಡಿ.